ಈಜುವವನ ಕೈ

ಮೇಣ ಬಿಡುತ್ತಿರಲಿಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿಕಡ್ಡಿ ಅದ್ದಿ ಮೂರನೆಯ ಸಲ ನಾಣ್ಯದ ಮೇಲೆ ಉಜ್ಜಿದೆ. ಬಚ್ಚಲುಮನೆಯ ತುಂಬ ಅದರದೇ ಘಾಟು. ವಾಶ್‌ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿದ್ದೆ. ಕೈ ಜಾರಿದರೆ ಸಾವಿರದ ಏಳುನೂರು ವರ್ಷ ಹೇಗೋ ಉಳಿದುಕೊಂಡು ಬಂದದ್ದು ಒಂದೇ ಸಲಕ್ಕೆ ಚರಂಡಿ ಸೇರುತ್ತಿತ್ತು.

"ಒಳಗೇನು ಹೆರಿಗೆ ಆಗ್ತಿದೆಯಾ?" ಬಾಗಿಲಾಚೆಯಿಂದ ಅತ್ತೆ. "ನಾಣ್ಯ ನೋಡೋಕೆ ಅವ್ರು ಬರೋ ಹೊತ್ತಾಯ್ತು."

"ಬಂದೆ ಅತ್ತೆ."

"ನಾಣ್ಯ ತಟ್ಟೇಲಿಲ್ಲ."

"ನನ್ನ ಹತ್ರ ಇದೆ. ಧೂಳು ಒರೆಸ್ತಿದೀನಿ."

"ಬಚ್ಚಲಲ್ಲಾ?"

ಕೊನೆಗೂ ಮೇಣ ಒಂದು ಕಡೆ ಕರಗಿ ಹತ್ತಿಗೆ ಹತ್ತಿತು. ಮಸೂರವನ್ನು ಕಣ್ಣಿಗೆ ಒತ್ತಿ, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದೆ. ಕೋಟೆಯಂಥ ಕಿರೀಟ ತೊಟ್ಟು ಬಂಡೆಯ ಮೇಲೆ ಕೂತ ಊರದೇವತೆ. ಅವಳ ಪಾದದ ಬಲಕ್ಕೆ ಚಾಚಿದ ಒಂದು ಕೈ, ಅಕ್ಕಿಕಾಳಿನ ಅರ್ಧದಷ್ಟು. ನಾಣ್ಯದ ಮೈಯೆಲ್ಲ ಹಸಿರುಗಪ್ಪು. ಆ ಕೈಯ ಗೆರೆಯ ತಳದಲ್ಲಿ ಮಾತ್ರ ಲೋಹ ಗುಲಾಬಿಯಾಗಿ ಹೊಳೆಯುತ್ತಿತ್ತು. ಒಸಡಿನ ಬಣ್ಣ.

ಹೊಸ ಗಾಯದ ಬಣ್ಣ ಅದು. ಹಳೆಯ ಗೆರೆಯಾಗಿದ್ದರೆ ಅದರ ತಳವೂ ಕಪ್ಪಾಗಿರಬೇಕಿತ್ತು. ಆದರೆ ಗೆರೆ ಮೊದಲೇ ಇದ್ದು, ಕಿಲುಬು ತೆಗೆಯುವಾಗ ನನ್ನ ಕೊಕ್ಕೆ ಅದರ ತಳವನ್ನಷ್ಟೇ ಕೆರೆದಿದ್ದರೂ ಹೀಗೇ ಕಾಣುತ್ತದೆ. ಹಲ್ಲಿಗಂಟಿದ ಗಾರೆ ತೆಗೆಯುವಾಗ ಹಲ್ಲಿಗೂ ಗೀರು ಬೀಳುತ್ತದೆ. ಹಾಗಂತ ಹಲ್ಲನ್ನು ನಾನು ಮಾಡಿದೆ ಅಂತಲ್ಲ. ಮೂರು ವರ್ಷದಿಂದ ಈ ವಾದವನ್ನು ನನಗೆ ನಾನೇ ಒಪ್ಪಿಸುತ್ತ ಬಂದಿದ್ದೆ. ಬಸ್ಸಿನಲ್ಲಿ, ಸ್ನಾನ ಮಾಡುವಾಗ, ಯಾರದೋ ತೆರೆದ ಬಾಯಿಯೊಳಗೆ ಕನ್ನಡಿ ಹಿಡಿದು ನಿಂತಾಗ. ಒಂದು ದಿನ ಗೆಲ್ಲುತ್ತಿದ್ದೆ, ಮರುದಿನ ಸೋಲುತ್ತಿದ್ದೆ. ಇವತ್ತು, ಅವರು ನೋಡುವ ಮೊದಲು, ಇನ್ನೊಂದು ಸಲ ನಾನೇ ನೋಡಿಬಿಡಬೇಕಿತ್ತು.

ಕರೆಗಂಟೆ ಹೊಡೆಯಿತು. ಮತ್ತೆ ಮೇಣ ಹಚ್ಚುವಷ್ಟು ಹೊತ್ತಿರಲಿಲ್ಲ. ನಾಣ್ಯವನ್ನು ಸೆರಗಿನಲ್ಲಿ ಒರೆಸಿಕೊಂಡು ಹೊರಗೆ ಬಂದೆ.

ನಾನು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಅತ್ತೆ ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ವಿಳಾಸ ಅಳಿಸಿಹೋದ ಕಾಗದಗಳ ವಿಭಾಗದಲ್ಲಿದ್ದವರು. ಮಸಿ ಹರಡಿದ, ಅರ್ಧ ಹರಿದ, ಊರಿನ ಹೆಸರೇ ಇಲ್ಲದ ಲಕೋಟೆಗಳನ್ನು ಬೆಳಕಿಗೆ ಹಿಡಿದು, ಇದು ಇಂಥ ಊರಿನದು ಎಂದು ಹೇಳಿ ಕಳಿಸುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಕೈ ಖಾಲಿಯಾಗಿ, ಸವೆದ ನಾಣ್ಯಗಳಿಗೆ ಊರು ಹುಡುಕತೊಡಗಿದರು. ರೋಮಿನ ಸಾಮ್ರಾಜ್ಯದಲ್ಲಿ ಬೆಳ್ಳಿ ಬಂಗಾರ ರಾಜಧಾನಿಯವರ ಕೈಯಲ್ಲಿದ್ದರೂ ಪೂರ್ವದ ಸಣ್ಣಪುಟ್ಟ ಊರುಗಳು ತಮ್ಮ ಸಂತೆಯ ಚಿಲ್ಲರೆಗೆಂದು ತಾವೇ ಕಂಚಿನ ನಾಣ್ಯ ಹೊಡೆಸಿಕೊಳ್ಳುತ್ತಿದ್ದವು. ಒಂದು ಬದಿ ಚಕ್ರವರ್ತಿಯ ತಲೆ. ಇನ್ನೊಂದು ಬದಿ ಊರಿನವರ ಇಷ್ಟ: ತಮ್ಮ ದೇವರು, ತಮ್ಮ ನದಿ, ತಮ್ಮ ಬೆಟ್ಟ. "ಚಕ್ರವರ್ತಿ ಬರೀ ಸ್ಟಾಂಪು ಕಣೇ," ಅನ್ನುತ್ತಿದ್ದರು ಅತ್ತೆ. "ವಿಳಾಸ ಇರೋದು ಹಿಂದೆ."

ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ನನ್ನ ಜೊತೆ ಆಡಿದ ಮಾತೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತಿತ್ತು. ಗಂಡನಿಗೆ ಲಿಫ್ಟ್ ರಿಪೇರಿ ಕೆಲಸ, ವಾರದಲ್ಲಿ ನಾಲ್ಕು ದಿನ ಪರವೂರು. ಮನೆಯಲ್ಲಿ ನಾವಿಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಕೆಮ್ಮುತ್ತಿದ್ದೆವು. ಒಂದು ಭಾನುವಾರ, ಕ್ಲಿನಿಕ್ಕಿನಲ್ಲಿ ಎಸೆಯಲು ಇಟ್ಟಿದ್ದ ಹಳೆಯ ಕೊಕ್ಕೆ ತಂದು ಒಂದು ನಾಣ್ಯದ ಕಿಲುಬು ಬಿಡಿಸಿ ಒಳಗಿದ್ದ ಕಿವಿಯೊಂದನ್ನು ತೋರಿಸಿದೆ. ಅತ್ತೆ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಆಗಷ್ಟೇ ಮನೆಗೆ ಬಂದವಳಂತೆ ನೋಡಿದರು. "ಕೂತ್ಕೋ," ಅಂದರು. ಅವತ್ತಿನಿಂದ ಭಾನುವಾರಗಳು ನಮ್ಮವಾದವು.

ಈ ನಾಣ್ಯವೂ ಅಂಥದೇ ಭಾನುವಾರದ್ದು. ತಿಂಗಳಿಗೊಮ್ಮೆ ಬಂದು ಬಟ್ಟೆಯ ಚೀಲದಿಂದ ಮೇಜಿನ ಮೇಲೆ ಮಣ್ಣುಮೆತ್ತಿದ ನಾಣ್ಯ ಸುರಿಯುವ ಒಬ್ಬ ವ್ಯಾಪಾರಿಯಿದ್ದಾನೆ, ಚೀಲದವನು. ಅವನ ರಾಶಿಯಲ್ಲಿತ್ತು. ಮುಂದೆ ಎಳೆಯ ಮುಖದ ಚಕ್ರವರ್ತಿ. ಹದಿಮೂರಕ್ಕೇ ಪಟ್ಟಕ್ಕೆ ಬಂದವನು, ಅತ್ತೆಗೆ ಅವನು 'ಹುಡುಗ'. ಹಿಂದೆ ಊರದೇವತೆ. ಅಕ್ಷರಗಳೆಲ್ಲ ಸವೆದು ಮಟ್ಟಸ. ದೇವತೆಯ ಕಾಲ ಬಳಿ ಬರೀ ಬಂಡೆಯಿದ್ದರೆ ಅತ್ತೆಯ ಲೆಕ್ಕದಲ್ಲಿ ಅದು ಬೆಟ್ಟದೂರು. ಅವರದು ನೂರಾರು ಸಿಕ್ಕಿವೆ. ಕಾಲ ಬಳಿ ಒಬ್ಬ ಮನುಷ್ಯ ಈಜುತ್ತಿದ್ದರೆ ಹೊಳೆಯೂರು. ಅವರು ತಮ್ಮ ನದಿಯನ್ನು ಈಜುವ ಗಂಡಸಾಗಿ ಬಿಡಿಸುತ್ತಿದ್ದರು. ಹೊಳೆಯೂರಿನವರು ಹುಡುಗನ ಹೆಸರಿನಲ್ಲಿ ಹೊಡೆಸಿದ ಒಂದು ನಾಣ್ಯವೂ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಕಾಲ ಹತ್ರ ನೋಡೇ. ಅಲ್ಲೊಂದು ಕೈ ಇರ್ಬೇಕು," ಅಂದಿದ್ದರು ಅತ್ತೆ, ನನ್ನ ಭುಜದ ಮೇಲೆ ಗದ್ದ ಊರಿ. ಅಲ್ಲಿ ಕಿಲುಬು ಕಲ್ಲಿನಂತೆ ಹೆಪ್ಪುಗಟ್ಟಿತ್ತು. "ಬಲಕ್ಕೆ. ಇನ್ನೊಂಚೂರು ಬಲಕ್ಕೆ. ಇದೆ ಅಲ್ವಾ?"

"ಇದೆ ಅತ್ತೆ," ಅಂದೆ. ಅಂದಾದ ಮೇಲೆ ಕಂಡಿತು. ಕೊಕ್ಕೆ ಒಂದು ಸಲ ಸರ್ರನೆ ಜಾರಿ ನಿಂತದ್ದು ಮಾತ್ರ ನನ್ನ ಬೆರಳಿಗೆ ಗೊತ್ತು. ಏನೋ ಗುಲಾಬಿಯಾಗಿ ಮಿನುಗಿತು. ಅತ್ತೆ ಅತ್ತ ತಿರುಗಿದ ಕೂಡಲೇ ಅದನ್ನು ಮುಚ್ಚಲು ಮೇಣ ಹಚ್ಚಿದೆ, ಮಸಿ ಬೆರೆಸಿದ ಮೇಣ.

ಈಗ ನಾಣ್ಯಗಳ ದೊಡ್ಡ ಪಟ್ಟಿ ಮಾಡುವವರೇ ರೈಲು ಹತ್ತಿ ಬಂದಿದ್ದರು. ಅವರು ಒಪ್ಪಿದರೆ ನಾಣ್ಯಕ್ಕೊಂದು ನಂಬರು ಸಿಗುತ್ತದೆ, ಅದರ ಕೆಳಗೆ ಅತ್ತೆಯ ಹೆಸರು ಅಚ್ಚಾಗುತ್ತದೆ. ಅತ್ತೆ ಬೆಳಿಗ್ಗೆಯಿಂದ ಮೂರು ಸಲ ಸೀರೆ ಬದಲಾಯಿಸಿದ್ದರು. ಆ ಕೈ ನಾನೇ ಕೊರೆದದ್ದೆಂದು ಗೊತ್ತಾದರೆ ಅತ್ತೆ ಮತ್ತೆ ನನ್ನನ್ನು ಆ ಮೇಜಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬೈದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯುವವರಲ್ಲ, ಸುಮ್ಮನಾಗುವವರು.

ಪಟ್ಟಿಯವರು ಸಣಕಲು ಮನುಷ್ಯ. ನೀರು ಕುಡಿದು, ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನಾಣ್ಯಕ್ಕೆ ಲೋಹ ತಾಗಬಾರದಂತೆ.

"ರೈಲಲ್ಲಿ ಒಬ್ರು ಕೇಳಿದ್ರು, ಏನ್ ಕೆಲಸ ಅಂತ. ನಂಬರ್ ಕೊಡ್ತೀನಿ ಅಂದೆ. ಲಾಟರಿಯವನು ಅಂದ್ಕೊಂಡು ಎರಡು ಕೇಳಿದ್ರು."

ಅತ್ತೆ ಅಗತ್ಯಕ್ಕಿಂತ ಜೋರಾಗಿ ನಕ್ಕರು. ನಾನು ಮೇಜಿನ ಮೇಲೆ ಬಟ್ಟೆ ಹಾಸಿ ನಾಣ್ಯ ಇಟ್ಟೆ. ಹಿಂಬದಿ ಕೆಳಗೆ ಮಾಡಿ ಇಟ್ಟೆ.

ಅವರು ಅಂಚಿನಲ್ಲಿ ಹಿಡಿದೆತ್ತಿ, ಪುಟ್ಟ ತಕ್ಕಡಿಯಲ್ಲಿ ತೂಗಿ, ಮೂಸಿ ನೋಡಿದರು. "ಇದೇನು, ಉಗುರುಬಣ್ಣದ ವಾಸನೆ?"

"ನಮ್ ಸೊಸೆ ಒರೆಸಿದ್ಲು," ಅಂದರು ಅತ್ತೆ. "ನೀವು ಬರ್ತೀರಿ ಅಂತ ನಾಣ್ಯಕ್ಕೂ ಸಿಂಗಾರ. ಅವಳ ಕೈ ನೋಡ್ಬೇಕು ನೀವು. ಹಲ್ಲಿನ ಕೆಲಸ, ಒಂದು ಕೂದಲಷ್ಟೂ ಆಚೀಚೆ ಆಗಲ್ಲ."

ಪಟ್ಟಿಯವರು ನಾಣ್ಯ ತಿರುಗಿಸಿದರು. ಮಸೂರದಲ್ಲಿ ಎಷ್ಟು ಹೊತ್ತು ನೋಡಿದರೆಂದರೆ ಪಕ್ಕದ ಮನೆಯ ಕುಕ್ಕರು ಎರಡು ಸೀಟಿ ಹೊಡೆಯಿತು. ಆಮೇಲೆ ಚೀಲದಿಂದ ಒಂದು ಫೋಟೊ ತೆಗೆದು ಪಕ್ಕದಲ್ಲಿಟ್ಟರು.

"ಹೋದ ವಾರ ಬಂತು, ಬೇರೆಯವರ ಸಂಗ್ರಹದಿಂದ. ನೋಡಿ ಅಮ್ಮಾ."

ಫೋಟೊದಲ್ಲೂ ಅದೇ ಹುಡುಗ, ಅದೇ ದೇವತೆ. ದೇವತೆಯ ತಲೆಯ ಕಡೆ ಸವೆದಿದ್ದರೂ ಕಾಲ ಕಡೆ ಚೆನ್ನಾಗಿ ಉಳಿದಿತ್ತು. ದೇವತೆಯ ಭುಜದಿಂದ ಅಂಚಿನವರೆಗೆ ಕೂದಲಿನಂಥ ಒಂದು ಉಬ್ಬುಗೆರೆ. ನಮ್ಮದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ.

"ನಾಣ್ಯ ಹೊಡೆದ ಅಚ್ಚಲ್ಲೇ ಬಿರುಕು ಬಿಟ್ಟಿತ್ತು," ಅಂದರು ಪಟ್ಟಿಯವರು. "ಎರಡೂ ಒಂದೇ ಅಚ್ಚಿನವು. ಅವಳಿಜವಳಿ. ಇನ್ನು ಕಾಲ ಹತ್ರ ನೋಡಿ."

ಫೋಟೊದಲ್ಲಿ ದೇವತೆಯ ಪಾದದಡಿ ಒಬ್ಬ ಮನುಷ್ಯ ಈಜುತ್ತಿದ್ದ.

"ಹೊಳೆಯೂರು," ಅಂದರು ಅತ್ತೆ. ಮೇಜಿನ ಕೆಳಗೆ ನನ್ನ ತೊಡೆಗೆ ಫಟ್ಟನೆ ಒಂದು ಏಟು ಕೊಟ್ಟರು. "ಹೇಳಿರ್ಲಿಲ್ವೇನೇ ನಾನು?"

ಮೂರು ವರ್ಷದಲ್ಲಿ ಮೊದಲ ಸಲ ಉಸಿರು ಹೊಟ್ಟೆಯವರೆಗೆ ಇಳಿಯಿತು. ಈಜುವವನು ಇದ್ದ. ಕೈಯೂ ಇತ್ತು. ನಾನು ಕೊರೆದಿರಲಿಲ್ಲ, ಹುಡುಕಿದ್ದೆ ಅಷ್ಟೆ.

ಪಟ್ಟಿಯವರು ಮಾತ್ರ ನಗಲಿಲ್ಲ. ಫೋಟೊವನ್ನು ನಾಣ್ಯಕ್ಕೆ ಇನ್ನೂ ಹತ್ತಿರ ಸರಿಸಿದರು. "ಒಂದು ತೊಂದ್ರೆ ಇದೆ. ಇಲ್ಲಿ ಇವನು ಎಡಕ್ಕೆ ಈಜ್ತಿದಾನೆ. ಎರಡು ಕೈಯೂ ಎಡಕ್ಕಿದೆ. ನಿಮ್ಮದ್ರಲ್ಲೂ ಇವನ ತಲೆ ಅದೇ ಜಾಗದಲ್ಲಿದೆ, ಸವೆದಿದೆ, ನೀವು ಬಂಡೆ ಅಂದ್ಕೊಂಡಿದೀರಿ. ಆದ್ರೆ ಕೈ ಬಲಕ್ಕಿದೆ."

"ಅಂದ್ರೆ?"

"ಅಂದ್ರೆ ಕೈ ಅವನ ಬೆನ್ನಿಂದ ಬಂದಿದೆ. ಒಂದೇ ಅಚ್ಚಿಂದ ಬಿದ್ದ ಎರಡು ನಾಣ್ಯದಲ್ಲಿ ಕೈ ಬೇರೆ ಬೇರೆ ಕಡೆ ಇರೋಕಾಗಲ್ಲ. ಇದು ಯಾರೋ ಕೊರೆದಿರೋದು. ತಳದಲ್ಲಿ ಹೊಸ ಲೋಹ ಕಾಣ್ತಿದೆ, ನೋಡಿ."

ಅತ್ತೆ ಮಸೂರ ತೆಗೆದುಕೊಂಡು ನೋಡಿದರು. ನಾನು ಅವರ ಬೆರಳುಗಳನ್ನು ನೋಡಿದೆ. ಮಸೂರ ಹಿಡಿದ ಬೆರಳು ಬಿಳಿಚಿಕೊಂಡಿತು.

"ನಿಮ್ಮ ಓದು ತಪ್ಪಿಲ್ಲ," ಅಂದರು ಪಟ್ಟಿಯವರು. "ಊರು ಸರಿ. ನಂಬರು ಬರತ್ತೆ, ಮೊದಲು ಗುರುತಿಸಿದವರು ಅಂತ ನಿಮ್ಮ ಹೆಸರೂ ಬರತ್ತೆ. ಆದ್ರೆ ನಾಣ್ಯದ ಮುಂದೆ 'ತಿದ್ದಿದ್ದು' ಅಂತ ಬರೀಲೇಬೇಕು. ಇದನ್ನ ಎಲ್ಲಿಂದ ತಗೊಂಡ್ರಿ?"

"ಆ ಚೀಲದವನು," ಅಂದರು ಅತ್ತೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. "ಹನ್ನೊಂದು ವರ್ಷದಿಂದ ಈ ಮನೇಲಿ ನೀರು ಕುಡ್ಕೊಂಡು ಹೋಗ್ತಾನೆ. ನಂಗೇ ಕೈ ಕೊರೆದು, ಮೇಲೆ ಕಿಲುಬು ಮೆತ್ತಿ ಕೊಡ್ತಾನಾ?"

"ಅವನಾ? ಹಾಗಿದ್ರೆ ನಮ್ಮ ಸಂಘದವ್ರಿಗೆಲ್ಲ ಒಂದು ಮಾತು ಹೇಳಿಡ್ತೀನಿ. ಯಾರೂ ತಗೋಳಲ್ಲ ಅವನ ಹತ್ರ."

ಅತ್ತೆ ಆಗಲೇ ಫೋನೆತ್ತಿದ್ದರು. ಕಿವಿ ಮಂದವೆಂದು ಅವರು ಯಾವಾಗಲೂ ಸ್ಪೀಕರಿನಲ್ಲಿಟ್ಟೇ ಮಾತಾಡುವುದು. ಅತ್ತ ಕಡೆ ಎರಡು ಸಲ ರಿಂಗಾಯಿತು. ಅವನು ಎತ್ತದಿರಲಿ, ಎತ್ತದಿರಲಿ ಎಂದು ನಾನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತೆ.

"ನಮಸ್ಕಾರ ಅಮ್ಮಾ," ಅಂದಿತು ಫೋನು. "ನೂರು ವರ್ಷ ನಿಮಗೆ. ಈಗ ನಿಮ್ಮನ್ನೇ ನೆನೆಸ್ಕೋತಿದ್ದೆ. ಹೊಸ ಚೀಲ ಬಂದಿದೆ, ಬೇರೆ ಯಾರಿಗೂ ಬಿಚ್ಚಿಲ್ಲ."

"ನೀನೊಬ್ಬ—" ಅಂದರು ಅತ್ತೆ.

ನಾನು ಅವರ ಕೈಯಿಂದ ಫೋನು ಕಿತ್ತುಕೊಂಡು, ಕಟ್ ಮಾಡಿ ಮೇಜಿನ ಮೇಲಿಟ್ಟೆ. ಅತ್ತೆಯ ಕೈಯಿಂದ ನಾನು ಏನನ್ನೂ ಹಾಗೆ ಕಿತ್ತುಕೊಂಡದ್ದಿಲ್ಲ. ಅವರ ಬೆರಳು ಫೋನಿನ ಆಕಾರದಲ್ಲೇ ಗಾಳಿಯಲ್ಲಿ ಉಳಿಯಿತು.

"ಅವನಲ್ಲ ಅತ್ತೆ. ನಾನು."

"ನೀನೇನು?"

"ಕೈ. ಕಿಲುಬು ತೆಗೀವಾಗ. ಇದೆ ಅಂದ್ಕೊಂಡೆ. ಕೊಕ್ಕೆ ಜಾರ್ತು, ಗುಲಾಬಿ ಬಣ್ಣ ಕಾಣಿಸ್ತು. ಮೇಣ ಹಚ್ಚಿಬಿಟ್ಟೆ."

ಅತ್ತೆ ನನ್ನನ್ನು ನೋಡಲಿಲ್ಲ. ನಾಣ್ಯವನ್ನು ನೋಡಿದರು. "ಮೂರು ವರ್ಷ," ಅಂದರು. ಮುಂದೆ ಏನಾದರೂ ಬರುತ್ತದೆಂದು ಕಾದೆ. ಬರಲಿಲ್ಲ. ನಾನು ಹೆದರಿದ್ದು ಇದಕ್ಕೇ. ಬೈಯಿರಿ ಅತ್ತೆ, ತಟ್ಟೆ ಎಸೆಯಿರಿ. ಅವರು ಸೆರಗು ಎಳೆದುಕೊಂಡು, ಬಟ್ಟೆಯ ಮೇಲಿನ ಒಂದು ಸುಕ್ಕನ್ನು ಬೆರಳಿನಿಂದ ತೀಡಿ ತೀಡಿ ಸರಿ ಮಾಡುತ್ತ ಕೂತರು.

ಪಟ್ಟಿಯವರು ಎಲ್ಲಿ ನೋಡಬೇಕೆಂದು ತಿಳಿಯದೆ ತಕ್ಕಡಿಯನ್ನು ಎರಡು ಸಲ ಮಡಚಿದರು, ಎರಡು ಸಲ ಬಿಚ್ಚಿದರು. ಆಮೇಲೆ ನೋಟ್‌ಬುಕ್ಕು ತೆರೆದು ಮೆಲ್ಲಗೆ ಹೇಳಿದರು. "ನೋಡಿ ಅಮ್ಮಾ, ಇದು ಎಲ್ಲರ ಕೈಲೂ ಆಗೋದೇ. ಒಂದು ದಾರಿ ಇದೆ. 'ಕೊಳ್ಳುವ ಮೊದಲೇ ಯಾರೋ ತಿದ್ದಿದ್ದು' ಅಂತ ಬರೀತೀನಿ. ಯಾರೂ ಕೇಳಲ್ಲ. ಮನೆ ಮಾತು ಮನೇಲಿರತ್ತೆ."

"ಎಲ್ಲಿಂದ ಕೊಂಡಿದ್ದು ಅಂತಾನೂ ಅಚ್ಚಾಗತ್ತಾ? ಅವನ ಹೆಸರು?" ಕೇಳಿದೆ.

"ಅದು ಆಗ್ಲೇಬೇಕು. ಪ್ರತಿ ನಾಣ್ಯಕ್ಕೂ ಹಾಕ್ತೀವಿ. ಆದ್ರೆ ಚೀಲದವನಿಗೆ ಇದೇನು ಗೊತ್ತಾಗತ್ತೆ? ಪಟ್ಟಿ ಓದೋನಾ ಅವನು?"

"ಹಾಗೇ ಬರ್ಕೊಳ್ಳಿ," ಅಂದರು ಅತ್ತೆ, ಸುಕ್ಕಿನಿಂದ ಬೆರಳು ತೆಗೆಯದೆ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಜ್ವರಕ್ಕೆ ಮಾತ್ರೆ ಹೇಳುವವರ ದನಿ. "ಯಾರೋ. ಯಾವಾಗ್ಲೋ. ಮುಗೀತಲ್ಲ. ಇವಳ ಹೆಸರು ಯಾಕೆ ಅಲ್ಲಿ? ನಾಳೆ ಕೆಲಸಕ್ಕೆ ಹೋಗೋ ಹುಡುಗಿ."

ಆಗ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. ಬಾಯಿ ಮುಚ್ಚಿಕೊಂಡಿರು ಎಂದು ಹುಬ್ಬಿನಲ್ಲೇ ಹೇಳಿದರು. ಹಾಗೆ ಸುಮ್ಮನಿದ್ದುಬಿಟ್ಟರೆ ಬರುವ ಭಾನುವಾರವೂ ನನ್ನನ್ನು ಕೂರಿಸಿಕೊಳ್ಳುತ್ತಾರೆ. ಅದನ್ನೂ ಅದೇ ಹುಬ್ಬು ಹೇಳಿತು. ಮೇಜಿನ ಮೇಲೆ ಫೋನು ಮತ್ತೆ ಮಿನುಗಿತು. ಚೀಲದವನೇ. ಲೈನು ಕಟ್ಟಾಯಿತು ಅಂದುಕೊಂಡು ಮತ್ತೆ ಮಾಡುತ್ತಿದ್ದ. ಯಾರೂ ಎತ್ತಲಿಲ್ಲ. ಅದು ಮೇಜಿನ ಮೇಲೆ ಗುರ್ರೆನ್ನುತ್ತ ಒಂದಿಷ್ಟು ಸರಿದು ನಿಂತಿತು.

ಪಟ್ಟಿಯವರು ಪೆನ್ನಿನ ಕ್ಯಾಪು ಬಿಚ್ಚಿದರು. "ಏನಮ್ಮಾ, ಹಾಗೇ ಬರೀಲಾ?"

"ಬೇಡ," ಅಂದೆ.