ಉಪಾಧ್ಯಕ್ಷೆಯ ಚಿಕ್ಕ ಚಾಪೆ

ಪಿಸಿಲಾ ಸಾವಿಗೆ ಸುತ್ತಿಕೊಳ್ಳುವ ದೊಡ್ಡ ಹರಕು ಚಾಪೆಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿ, ಸಭೆ ಸಮಾರಂಭಕ್ಕೆ ಉಡುವ ಚಿಕ್ಕ ನಯವಾದ ಚಾಪೆಯನ್ನು ಸೊಂಟಕ್ಕೆ ಬಿಗಿಯುತ್ತಿದ್ದಳು.

"ಇದೇನಕ್ಕಾ? ಸತ್ತಿರೋದು ನಮ್ಮ ಸೋದರತ್ತೆ ಮಗಳು," ಎಂದಳು ತಂಗಿ ಲಾವೆನಿ. "ನಾವು ಹರಕು ಚಾಪೆ ಸುತ್ಕೊಂಡು ಹಿತ್ತಲಲ್ಲಿ ಒಲೆ ಮುಂದೆ ಇರ್ಬೇಕು."

"ನೀನಿರು. ನಾನು ಸಂಘದ ಉಪಾಧ್ಯಕ್ಷೆಯಾಗಿ ಹೋಗ್ತಿದೀನಿ."

"ಜನ ಏನಂದಾರು?"

"ಅಧ್ಯಕ್ಷೆ ಹೋದ್ಮೇಲೆ ಉಪಾಧ್ಯಕ್ಷೆ ಮುಂದೆ ನಿಲ್ಬೇಕು ಅಂದಾರು."

ಟೋಂಗಾದಲ್ಲಿ ಸೋದರತ್ತೆಯ ಮಕ್ಕಳು ಮೇಲು, ಸೋದರಮಾವನ ಮಕ್ಕಳು ಕೆಳಗೆ. ಈಗ ಸತ್ತಿರುವ ಅತ್ತೆಯ ಮಗಳು ಲೇಸಿಯೇಲಿ ಹುಟ್ಟುತ್ತಲೇ ಪಿಸಿಲಾಳ ನೆತ್ತಿಯ ಮೇಲೆ ಕೂತವಳು. ಹೊಸ ಲಂಗವಿರಲಿ, ಸಾಕಿದ ಹಂದಿಮರಿಯಿರಲಿ, "ಇದು ನಂಗೆ" ಎಂದರೆ ಮುಗಿಯಿತು. ಕೊಡದಿದ್ದರೆ ಪಿಸಿಲಾಳ ಅಪ್ಪನೇ ಗದರುತ್ತಿದ್ದ. ಅದನ್ನೆಲ್ಲ ಹೇಗೋ ನುಂಗಿಕೊಂಡಳು. ಸಂಘವನ್ನೂ ಹಾಗೇ ಎತ್ತಿಕೊಂಡದ್ದು ಮಾತ್ರ ಗಂಟಲ ಮುಳ್ಳಾಗಿ ಉಳಿಯಿತು.

*

ತೊಗಟೆ ಬಡಿದು ಬಟ್ಟೆ ಮಾಡುವ ಹೆಂಗಸರನ್ನು ಮೊದಲು ಒಂದು ಹಲಗೆಯ ಸುತ್ತ ಸಂಘವಾಗಿ ಕೂರಿಸಿದವಳು ಪಿಸಿಲಾ. ದೊಡ್ಡ ಬಿರುಗಾಳಿ ಬೀಸಿಹೋದ ವರ್ಷ ರಾಜಧಾನಿಯಿಂದ ಬಂದವರು, ಊರಿನ ಸಂಘಗಳನ್ನು ಗಟ್ಟಿ ಮಾಡುತ್ತೇವೆ, ಒಬ್ಬರನ್ನು ಹೊರದೇಶದ ಸುವಾ ನಗರಕ್ಕೆ ತರಬೇತಿಗೆ ಕಳಿಸಿ ಎಂದರು. ಪಿಸಿಲಾ ಆಗಲೇ ಗಂಟು ಕಟ್ಟಿಯಾಗಿತ್ತು. ಲೇಸಿಯೇಲಿ "ನಾನು ಹೋಗ್ತೀನಿ" ಎಂದಳು. ಅತ್ತೆಯ ಮಗಳ ಮಾತಿಗೆ ಎದುರುಂಟೇ?

ತಿರುಗಿ ಬಂದು ಅಧ್ಯಕ್ಷೆಯಾದವಳು ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಬಣ್ಣದ ಪೆನ್ನು ಹಿಡಿದು ನಿಂತಳು. ಸಭೆಯನ್ನು ಎಲ್ಲರೂ ಸರದಿಯಂತೆ ನಡೆಸಬೇಕಂತೆ, ಎಲ್ಲರೂ ಮಾತಾಡಬೇಕಂತೆ. ಊರಿಗೆ ಸೊಸೆಯಾಗಿ ಬಂದ, ತುಟಿ ಬಿಚ್ಚದ ಮಾಲಿಯಾಳನ್ನೂ ಎಬ್ಬಿಸಿ ನಿಲ್ಲಿಸಿದಳು.

"ಎಲ್ಲಾರೂ ಯಜಮಾನ್ತೀರಾದ್ರೆ ಅಧ್ಯಕ್ಷೆ ಯಾಕೆ, ಹೂಜಿ ಕಾಯೋಕಾ?" ಎಂದು ಪಿಸಿಲಾ ಚುಚ್ಚಿದಳು.

"ಅದೇ ಪಿಸಿಲಾ. ಅಧ್ಯಕ್ಷೇನೇ ಬೇಡ ಅನ್ನೋ ಹಾಗಾಗ್ಬೇಕು," ಎಂದು ಲೇಸಿಯೇಲಿ ನಕ್ಕಳು.

ಕುರ್ಚಿ ಬೇಡ ಎನ್ನುವುದು ಕುರ್ಚಿಯಲ್ಲಿ ಕೂತವರಿಗೆ ಸುಲಭ. ಪಿಸಿಲಾಳಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಅವಳು ಮನಸ್ಸು ಬಂದರೆ ಸಭೆಗೆ ಹೋಗುವುದು, ಮುನಿಸು ಬಂದರೆ ಬಿಡುವುದು, ಆ ಕುರ್ಚಿ ಖಾಲಿಯಾಗುವುದನ್ನು ಕಾಯುವುದು, ಹೀಗೇ ವರ್ಷಗಳನ್ನು ಕಳೆದಳು.

*

ಹೆಣದ ಮನೆಯಂಗಳದಲ್ಲಿ ಅವಳ ಚಿಕ್ಕ ಚಾಪೆಯನ್ನು ಎಲ್ಲರೂ ಕಂಡರು. ಸಂಘದ ಹೆಂಗಸರು ಸತ್ತವಳ ಮನೆಯವರಿಗೆ ಕಾಣಿಕೆ ಕೊಡುವ ಉದ್ದನೆಯ ತೊಗಟೆಬಟ್ಟೆಯನ್ನು ಬಿಚ್ಚಿ ಎರಡೂ ಅಂಚು ಹಿಡಿದು ನಿಂತಿದ್ದರು. ಮುಂದೆ ಮಾಲಿಯಾ.

"ಸರಿ, ಸ್ವಲ್ಪ ಹಿಂದೆ ಹೋಗಮ್ಮ," ಎಂದಳು ಪಿಸಿಲಾ. "ಬಟ್ಟೆ ಒಪ್ಪಿಸೋ ಮಾತು ನಾನು ಆಡ್ತೀನಿ."

"ಈ ತಿಂಗಳ ಸರದಿ ನನ್ದಕ್ಕಾ. ನಿಮಗೆ ಬೇಕಂದ್ರೆ ನೀವೇ ಮಾತಾಡಿ, ಅದಕ್ಕೇನಂತೆ."

"ಸರದಿ ಸಭೇಲಿ. ಇದು ಅಧ್ಯಕ್ಷೆ ಆಡೋ ಮಾತು."

ಮಾಲಿಯಾ ದನಿ ತಗ್ಗಿಸಿದಳು. "ಅಧ್ಯಕ್ಷೆ ಪದವೀನ ಹೋದ ವರ್ಷವೇ ತೆಗೆದುಬಿಟ್ವಲ್ಲಕ್ಕಾ. ಲೇಸಿಯೇಲಿ ಅಕ್ಕನೇ ತೆಗೆಸಿದ್ದು. ಅವತ್ತು ನೀವು ಮುನಿಸ್ಕೊಂಡು ಬಂದಿರ್ಲಿಲ್ಲ."

"ಮತ್ತೆ ನನ್ನ ಉಪಾಧ್ಯಕ್ಷೆ ಅಂತ ಕರೀತೀರಲ್ಲ?"

"ಹಾಗೇ ಕರೀತಾ ಇರಿ, ಇಲ್ದಿದ್ರೆ ಅವಳು ನೊಂದ್ಕೋತಾಳೆ ಅಂತ ಅಕ್ಕ ಹೇಳಿದ್ರು."

ಪಿಸಿಲಾಳ ಮುಖಕ್ಕೆ ಹೊಡೆದಂತಾಯಿತು. ಉಳಿದ ಒಂದು ಹೆಸರೂ ಲೇಸಿಯೇಲಿಯೇ ಕೊಟ್ಟ ಭಿಕ್ಷೆ. ಪಿಸಿಲಾ ಪಕ್ಕಕ್ಕೆ ಸರಿದು, ಈ ಹುಡುಗಿ ತೊದಲಲಿ ದೇವರೇ ಎಂದು ಬೇಡಿಕೊಂಡಳು.

ಮಾಲಿಯಾ ತೊದಲಲಿಲ್ಲ. ಸತ್ತವಳ ಮನೆತನದ ಹೆಸರನ್ನು ಹಿಡಿದು, ಹಿರಿಯರಿಗೆ ಸಲ್ಲುವ ಮಾತನ್ನು ಸಲ್ಲಿಸಿ, ಬಟ್ಟೆಯನ್ನು ಒಪ್ಪಿಸಿದಳು. ಯಾರೂ ಯಾರಿಗೂ ಕೈಸನ್ನೆ ಮಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಲ್ಲ ನಡೆದುಹೋಯಿತು. ಪಿಸಿಲಾ ಮಾತ್ರ ಕೈಗೆ ಕೆಲಸವಿಲ್ಲದೆ ನಿಂತಿದ್ದಳು. ಇದನ್ನು ಎತ್ತಿ ತನ್ನನ್ನು ಆಡಿಕೊಳ್ಳಬೇಕಾದವಳು ಒಳಗೆ ಹೆಣವಾಗಿ ಮಲಗಿದ್ದಾಳೆ, ನಾಳೆಯಿಂದ ತಾನು ಹೊಟ್ಟೆ ಉರಿದುಕೊಳ್ಳುವುದಾದರೂ ಯಾರ ಮೇಲೆ ಎಂದು ಹೊಳೆಯಿತು. ಅರವತ್ತು ವರ್ಷ ಬೆಳಗೆದ್ದರೆ ಅವಳದೇ ನೆನಪು, ಮಲಗಿದರೆ ಅವಳದೇ ನೆನಪು. ಗಂಡನನ್ನೂ ಇಷ್ಟು ನೆನೆದವಳಲ್ಲ.

ಅವಳು ಹಿತ್ತಲಿಗೆ ನಡೆದಳು. ನೆಲದೊಲೆಯ ಹೊಗೆಯಲ್ಲಿ ಸತ್ತವಳ ಸೋದರತ್ತೆ, ಮುದುಕಿ ಫತಾಯಿ, ಕತ್ತರಿ ಹಿಡಿದು ಕೂತಿದ್ದಳು. ದುಃಖದ ಗುರುತಾಗಿ ಕೆಳಗಿನ ನೆಂಟರ ಕೂದಲು ಕತ್ತರಿಸುವುದು ಅವಳ ಹಕ್ಕು. ಲಾವೆನಿಯದು ಆಗಲೇ ಮುಗಿದಿತ್ತು.

ಪಿಸಿಲಾ ಚಿಕ್ಕ ಚಾಪೆ ಬಿಚ್ಚಿಟ್ಟು, ಮುದುಕಿಯ ಮುಂದೆ ಕುಕ್ಕರಿಸಿ ಜಡೆ ಹರಡಿದಳು.

"ಲಾವೆನೀದು ಎಲ್ಲೀವರೆಗೆ ಕತ್ತರಿಸಿದ್ರಿ?"

"ಹೆಗಲವರೆಗೆ."

"ನಂದು ಕಿವಿವರೆಗೆ ಕತ್ತರಿಸಿ."

"ಯಾಕಮ್ಮ ಅಷ್ಟೊಂದು? ತುದಿ ತೆಗೆದ್ರೂ ಸಾಕು."

"ಇವರೆಲ್ಲಾರ್ಗಿಂತ ನಾನೇ ಅವಳಿಗೆ ಹತ್ರದವಳು. ಕತ್ತರಿಸಿ ಅಂದೆ."

ನರೆತ ಕೂದಲು ಮಡಿಲಿಗೆ, ಮಣ್ಣಿಗೆ ಬಿತ್ತು. ಪಿಸಿಲಾ ಅದನ್ನು ಎರಡೂ ಕೈಯಿಂದ ಬಾಚಿ ತಂಗಿಯ ಕೂದಲಿನ ಪಕ್ಕಕ್ಕೆ ತಳ್ಳಿದಳು. ತನ್ನ ರಾಶಿಯೇ ದೊಡ್ಡದೆಂದು ಒಮ್ಮೆ ನೋಡಿಕೊಂಡು, ಆಮೇಲೆ ಅತ್ತಳು.