ಬೋಡೀನನ ಕೂಗು

"ಏಯ್ ಹ್ರುಸ್ಕಾ! ಟೋಪಿ ತೆಗಿಯೋ ಮಾರಾಯ, ನಿನ್ನೇ ಕರೀತಿರೋದು!"

ಕೋಚ್ ವಿಕರ್ಸ್ ಕೂಗಿದ್ದು ಇದು ಎರಡನೇ ಸಲ. ಮೊದಲ ಸಲ ಕೂಗಿದಾಗ ಡೇಲ್ ಹ್ರುಸ್ಕಾ, ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ್ದ. ನೀರಿನ ಕ್ಯಾನುಗಳನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ, ಹಿಮ ಉದುರುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಮೈದಾನದ ನಡುವೆ, ತಂಡಕ್ಕೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಡೆಶಾನ್ ಪ್ರುಯಿಟ್ ಎಡಗಾಲಿನ ಗಿಣ್ಣು ಹಿಡಿದುಕೊಂಡು ಅಂಗಾತ ಬಿದ್ದಿದ್ದ. ವೈದ್ಯರು ಅವನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಅರವತ್ತು ಸಾವಿರ ಜನ ಒಮ್ಮೆಲೇ ಸುಮ್ಮನಾದರೆ ಹೇಗಿರುತ್ತದೆಂಬುದು ಹ್ರುಸ್ಕಾನಿಗೆ ಆಗ ಗೊತ್ತಾಯಿತು. ಸರೋವರದ ಕಡೆಯಿಂದ ಬೀಸುವ ಗಾಳಿಯ ಸದ್ದು ಕೂಡ ಕೇಳಿಸುತ್ತಿತ್ತು.

ಹನ್ನೆರಡು ವರ್ಷದಿಂದ ಅವನ ಕೆಲಸವೇ ಟೋಪಿ ಹಾಕಿಕೊಂಡು ಗೆರೆಯಾಚೆ ನಿಲ್ಲುವುದು. ಚೆಂಡೆಸೆಯುವವನಿಗೆ ಏನಾದರೂ ಆದರೆ ಕೈಗೊಬ್ಬ ಇರಲಿ ಎಂದು ಎಲ್ಲ ತಂಡಗಳೂ ಇಟ್ಟುಕೊಳ್ಳುವ ಎರಡನೆಯವನು ಅವನು. ಅವನ ಅದೃಷ್ಟವೋ ದುರದೃಷ್ಟವೋ, ಅವನು ಸೇರಿದ ತಂಡಗಳಲ್ಲೆಲ್ಲ ಮೊದಲನೆಯವರು ಕಲ್ಲುಗುಂಡಿನಂಥವರು. ಅವರಿಗೆ ಏನೂ ಆಗುತ್ತಿರಲಿಲ್ಲ. ಗೆದ್ದ ಪಂದ್ಯದ ಕೊನೆಯಲ್ಲಿ ಮಂಡಿಯೂರಿ ಹೊತ್ತು ಕಳೆಯುವುದಕ್ಕೆ ಆಗೀಗ ಅವನನ್ನು ಒಳಗೆ ಕಳಿಸಿದ್ದುಂಟು. ಎಸೆಯುವುದಕ್ಕೆ ಒಮ್ಮೆಯೂ ಕಳಿಸಿರಲಿಲ್ಲ. "ಸಂಬಳ ತಗೊಂಡು ಮ್ಯಾಚ್ ನೋಡೋ ಪುಣ್ಯಾತ್ಮ ಕಣಯ್ಯಾ ನೀನು, ಅದೂ ನಿಂತ್ಕೊಂಡು!" ಎಂದು ಅವನ ಭಾವಮೈದುನ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಟರ್ಕಿ ಕೊಯ್ಯುತ್ತ ಹೇಳುತ್ತಿದ್ದ. ಹ್ರುಸ್ಕಾ ನಗುತ್ತಿದ್ದ. ನಗದೆ ಮಾಡುವುದಾದರೂ ಏನು?

ಹಾಗೆಂದು ಅವನು ಸುಮ್ಮನೆ ತಿಂದುಕೊಂಡಿದ್ದವನಲ್ಲ. ಭಾನುವಾರ ಎದುರಾಗುವ ತಂಡದ ಕ್ವಾರ್ಟರ್‌ಬ್ಯಾಕ್ ಹೇಗಿರುತ್ತಾನೋ, ವಾರವಿಡೀ ಅಭ್ಯಾಸದಲ್ಲಿ ಹಾಗೇ ಆಗಿ ತೋರಿಸಬೇಕು, ತಮ್ಮ ಹುಡುಗರಿಗೆ ಅವನ ರೂಢಿಯಾಗಬೇಕು. ಒಂದು ವಾರ ಚೆಂಡನ್ನು ಎದೆಯ ಹತ್ತಿರ ತಟ್ಟಿಕೊಂಡು ಎಸೆಯುವವನಾಗಬೇಕು, ಇನ್ನೊಂದು ವಾರ ಎಡಕ್ಕೇ ಓಡುವವನಾಗಬೇಕು. ಹ್ರುಸ್ಕಾ ಇದರಲ್ಲಿ ಎತ್ತಿದ ಕೈ. ನಡಿಗೆ, ಕೆಮ್ಮು, ಕೂಗು, ಎಲ್ಲವನ್ನೂ ಎತ್ತಿಕೊಂಡುಬಿಡುತ್ತಿದ್ದ. ಬುಧವಾರದ ಹೊತ್ತಿಗೆ ಅದು ಮನೆಗೂ ಬಂದುಬಿಡುತ್ತಿತ್ತು.

"ಈ ವಾರ ಯಾರಪ್ಪಾ ನೀನು?" ಎಂದು ಈ ಬುಧವಾರ ಹೆಂಡತಿ ಕೊರಿನ್ ಕಾಫಿ ಬಗ್ಗಿಸುತ್ತ ಕೇಳಿದ್ದಳು.

"ಬೋಡೀನ್."

"ಸರಿ, ಆ ಬೋಡೀನ್‌ಗೆ ಹೇಳು, ಕಸದ ಡಬ್ಬ ಹೊರಗಿಡೋ ದಿನ ಇವತ್ತು. ನನ್ನ ಗಂಡ ಅಂತೂ ಮರ್ತಿದಾನೆ."

ಅವನು ಡಬ್ಬ ಇಟ್ಟು ಬಂದು, ಬಾಗಿಲಲ್ಲೇ ನಿಂತು ಹೇಳಿದ್ದ: "ಕೊರಿನ್, ಇದೇ ಕೊನೇ ವರ್ಷ. ಮುಂದಿನ ವರ್ಷಕ್ಕೆ ನಾನು ಬೇಡ ಅಂದ್ಬಿಟ್ರು." ಅವಳು ಕಾಫಿ ಪಾತ್ರೆ ಕೆಳಗಿಟ್ಟಳು. "ಬೇಜಾರಿಲ್ಲ ಕಣೇ. ಆದ್ರೆ ಒಂದೇ ಒಂದು ಸಲ, ಯಾರ ಥರಾನೂ ಅಲ್ಲ, ನನ್ನ ಥರ ಎಸೀಬೇಕಿತ್ತು. ನಿಜವಾದ ಮ್ಯಾಚಲ್ಲಿ. ಅಷ್ಟೇ." ಕೊರಿನ್ ಅವನ ಜಾಕೆಟ್ಟಿನ ಗುಂಡಿ ಹಾಕಿದ್ದಳು. ಈಗ ಮೇಲೆಲ್ಲೋ, ಮನೆಯವರು ಕೂರುವ ಸಾಲಿನಲ್ಲಿ, ಅವಳು ಎದ್ದು ನಿಂತಿರಬೇಕು. ಹಿಮದಲ್ಲಿ ಆ ಸಾಲು ಕಾಣಿಸುತ್ತಿರಲಿಲ್ಲ.

ಅವನು ಟೋಪಿ ತೆಗೆದ. ಹೆಲ್ಮೆಟ್ಟಿನೊಳಗೆ ತಲೆ ತೂರಿಸುತ್ತಲೇ ಲೋಕದ ಸದ್ದೆಲ್ಲ ದೂರವಾಗಿ, ಪಕ್ಕದ ಮನೆಯ ರೇಡಿಯೋದಿಂದ ಬಂದ ಹಾಗೆ ಕೇಳಿಸತೊಡಗಿತು.

"ನೋಡು, ಒಂದೇ ಆಟ," ವಿಕರ್ಸ್ ಅವನ ಹೆಗಲು ಹಿಡಿದು ಹೇಳಿದ. "ಡಾಕ್ಟ್ರು ಒಳಗೆ ಬಂದ್ರೆ ಒಂದು ಆಟ ಹೊರಗಿರ್ಬೇಕು, ರೂಲು. ಆಮೇಲೆ ಡೆಶಾನ್ ಬರ್ತಾನೆ, ಪಟ್ಟಿ ಸುತ್ತುತಿದಾರೆ. ಆದ್ರೆ ಇದು ನಾಲ್ಕನೇ ಸಲ, ಕೊನೇ ಅವಕಾಶ, ನಾಲ್ಕು ಗಜ ಬೇಕೇ ಬೇಕು. ಸಿಗ್ಲಿಲ್ಲ ಅಂದ್ರೆ ಚೆಂಡು ಅವ್ರಿಗೆ, ನಾವು ಮನೆಗೆ. ದೊಡ್ಡದೇನೂ ಮಾಡೋಕ್ ಹೋಗ್ಬೇಡ. ಹತ್ತಿರದ್ದು ಕೊಡು. ಗೊತ್ತಾಯ್ತಾ?"

"ಗೊತ್ತಾಯ್ತು."

ಗುಂಪಿನಲ್ಲಿ ಹತ್ತು ಜನ ಬಾಗಿ ನಿಂತಿದ್ದರು. ಎಲ್ಲರ ಬಾಯಿಂದಲೂ ಹಬೆ ಏಳುತ್ತಿತ್ತು. ನಡುವಿನಿಂದ ಚೆಂಡು ಹಿಂದಕ್ಕೆ ಕೊಡುವ ದಪ್ಪನೆಯ ಟಾಮ್‌ಚಾಕ್ ತಲೆಯೆತ್ತಿ, "ಏನಜ್ಜಾ, ದಾರಿ ತಪ್ಪಿ ಬಂದ್ಯಾ?" ಎಂದ. ಎಲ್ಲರೂ ನಕ್ಕರು. ಹೆದರಿದವರು ನಗುವ ನಗು ಅದು.

"ಎರಡನೇ ಹಟ್‌ಗೆ," ಎಂದ ಹ್ರುಸ್ಕಾ. ಡೆಶಾನ್ ಯಾವಾಗಲೂ ಎರಡು ಸಲ 'ಹಟ್' ಎಂದು ಕೂಗುತ್ತಾನೆ. ಎರಡನೆಯದಕ್ಕೆ ಚೆಂಡು ಬರುತ್ತದೆ. ಈ ತಂಡದ ಪದ್ಧತಿಯೇ ಅದು.

ಅವನು ಟಾಮ್‌ಚಾಕನ ಹಿಂದೆ ಬಂದು ನಿಂತ. ಹಿಮ ಅವಸರವಿಲ್ಲದೆ ಇಳಿಯುತ್ತಿತ್ತು. ಎದುರು ಸಾಲಿನ ದೈತ್ಯರಲ್ಲಿ ಎಲ್ಲರಿಗಿಂತ ದೊಡ್ಡವನಾದ ಫೋನೋಟಿ, ಒಂದು ಕೈ ನೆಲಕ್ಕೂರಿ, ರೆಪ್ಪೆಯ ಮೇಲೆ ಬಿದ್ದ ಹಿಮವನ್ನೂ ಒರೆಸಿಕೊಳ್ಳದೆ ಕಾಯುತ್ತಿದ್ದ. ಎಲ್ಲವೂ ಎಷ್ಟು ನಿಧಾನವಾಗಿತ್ತೆಂದರೆ, ತಾನು ಮನೆಯಲ್ಲಿ ಮಲಗಿದ್ದೇನೆ, ಈಗ ಕೊರಿನ್ ಬಂದು ಎಬ್ಬಿಸುತ್ತಾಳೆ ಎಂದು ಹ್ರುಸ್ಕಾನಿಗೆ ಒಂದು ಕ್ಷಣ ಅನ್ನಿಸಿತು. ಅವನು ಬಾಯಿ ತೆರೆದ.

"ಹೂ-ಊ-ಊ-ಊ..."

ಅಯ್ಯೋ ದೇವರೇ! ಅದು ಅವನ ಕೂಗಲ್ಲ, ಡೆಶಾನನದೂ ಅಲ್ಲ. ಎದುರು ತಂಡದ ಬೋಡೀನನದು. ದಕ್ಷಿಣ ಸೀಮೆಯ ಆ ರಾಗ, ಬಾವಿಯಿಂದ ಹಗ್ಗ ಎಳೆದ ಹಾಗೆ ಎಳೆಯುವ ಆ ಉದ್ದನೆಯ ದನಿ, ನಡುವೆ ಬಿಕ್ಕಳಿಕೆಯಂಥ ಒಂದು ತಡೆ. ವಾರವಿಡೀ ಕೂಗಿ ಕೂಗಿ ಗಂಟಲಲ್ಲಿ ಕೂತುಬಿಟ್ಟಿದ್ದು, ಕೇಳದೆಯೇ ಹೊರಗೆ ಬಂದಿತ್ತು. ನಿಲ್ಲಿಸೋಣವೆಂದರೆ ನಾಲಿಗೆ ಕೇಳಬೇಕಲ್ಲ.

"...ಹಟ್!"

ಬೋಡೀನ್ ಕೂಗುವುದು ಒಂದೇ ಹಟ್. ಫೋನೋಟಿ ಈ ದನಿಗೇ, ತನ್ನ ತಂಡದ ಅಭ್ಯಾಸದಲ್ಲಿ, ಆಗಸ್ಟ್ ತಿಂಗಳಿಂದ ದಿನವೂ ನೆಗೆದವನು. ಅವನ ತಲೆ ಬೇಡವೆನ್ನುವಷ್ಟರಲ್ಲಿ, ಚೆಂಡು ಅಲುಗುವ ಮೊದಲೇ, ಅವನ ಮೈ ಗೆರೆ ದಾಟಿತ್ತು. ಟಾಮ್‌ಚಾಕ್ ಹಳೇ ಹುಲಿ. ಫೋನೋಟಿ ದಾಟಿದ್ದು ಕಂಡದ್ದೇ ತಡ, ಎರಡನೇ ಹಟ್‌ಗೆ ಕಾಯದೆ ಚೆಂಡನ್ನು ಹಿಂದಕ್ಕೆ ಕೊಟ್ಟುಬಿಟ್ಟ. ತಪ್ಪಾಯಿತೆಂದು ರೆಫರಿ ಎಸೆದ ಹಳದಿ ಬಟ್ಟೆ ಹಿಮದ ಮೇಲೆ ಬಿತ್ತು.

ಹಳದಿ ಬಟ್ಟೆ ಬಿದ್ದರೆ ಏನೆಂದು ಇವರಿಗೆಲ್ಲ ನಿದ್ದೆಯಲ್ಲೂ ಗೊತ್ತು. ತಪ್ಪು ಅವರದು, ಇನ್ನು ಈ ಆಟದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಎಸೆದದ್ದು ಸಿಕ್ಕರೆ ಲಾಭ, ಸಿಗದಿದ್ದರೆ ಐದು ಗಜ ಹೇಗೂ ಬರುತ್ತದೆ. ಚೆಂಡು ಹಿಡಿಯಲು ಹತ್ತಿರಕ್ಕೆ ಓಡಬೇಕಿದ್ದ ರಶಾದ್ ಮೂಲೆಯ ಕಡೆಗೆ ದೂರ ದೂರ ಓಡತೊಡಗಿದ.

ಹ್ರುಸ್ಕಾ ಎರಡು ಹೆಜ್ಜೆ ಹಿಂದೆ ಸರಿದ. ಕೈ ಮೇಲೆದ್ದಿತು. ಮೊಣಕೈ ಕೊಂಚ ಕೆಳಗೆ, ಚೆಂಡು ಕಿವಿಯ ಮಗ್ಗುಲಲ್ಲಿ. ನೆಬ್ರಾಸ್ಕಾದ ಶಾಲೆಯ ಅಂಗಳದಲ್ಲಿ ಯಾರೂ ಹೇಳಿಕೊಡದೆ ಕಲಿತ ಆ ವರಸೆಯನ್ನು ಅವನೇ ಮರೆತಿದ್ದ. ಕೈ ಮರೆತಿರಲಿಲ್ಲ. ಅವನು ಎಸೆದ.

ಚೆಂಡು ಬೆರಳು ಬಿಡುವಾಗಲೇ ಅವನಿಗೆ ಗೊತ್ತಾಯಿತು, ಇದು ನನ್ನದು. ಚೆಂಡು ಹಿಮವನ್ನು ಸೀಳಿಕೊಂಡು ಏರಿತು, ಎಷ್ಟೋ ಹೊತ್ತು ಮೇಲೆಯೇ ಇತ್ತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಬಾಗಿತು. ಅಷ್ಟು ಚೆಂದದ ಎಸೆತವನ್ನು ಆ ಊರಿನವರು ಆ ವರ್ಷ ಕಂಡಿರಲಿಲ್ಲ, ಬೇಕಾದರೆ ಪಣ ಕಟ್ಟುತ್ತೇನೆ. ರಶಾದ್ ಮೈಯೆಲ್ಲ ಚಾಚಿ ನೆಗೆದ. ಚೆಂಡು ಅವನ ಬೆರಳ ತುದಿಯಿಂದ ಒಂದು ಗೇಣು ಆಚೆ ಹಾದು, ಗೆರೆ ದಾಟಿ, ಮೂಲೆಯ ಮೊದಲ ಸಾಲಿನ ಜನರೊಳಗೆ ಹೋಗಿ ಬಿತ್ತು.

ಸೀಟಿ ಕೇಳಿಸಿತು. ರೆಫರಿ ಸೊಂಟದ ಮೈಕು ಒತ್ತಿ, ಎರಡೂ ಕೈ ಸೊಂಟದ ಮೇಲಿಟ್ಟು ಹೇಳಿದ: "ಎದುರು ತಂಡ ಗೆರೆ ದಾಟಿದೆ. ಐದು ಗಜ. ಈ ಆಟ ಲೆಕ್ಕಕ್ಕಿಲ್ಲ. ಮತ್ತೆ ಮೊದಲ ಸಲ."

ಮೈದಾನ ಸಿಡಿದೆದ್ದಿತು. ನಾಲ್ಕು ಗಜ ಬೇಕಿತ್ತು, ಐದು ಸಿಕ್ಕಿತ್ತು, ಚೆಂಡು ಇವರಲ್ಲೇ ಉಳಿದಿತ್ತು. ಗೆರೆಯ ಹತ್ತಿರ ಡೆಶಾನ್ ಕುಂಟುತ್ತ ಓಡಿ ಬರುತ್ತಿದ್ದ. ಎದುರಾದಾಗ ಹ್ರುಸ್ಕಾನ ಹೆಲ್ಮೆಟ್ಟಿಗೆ ಹೆಲ್ಮೆಟ್ ಒತ್ತಿ, "ಅಜ್ಜಾ, ಬದುಕಿಸ್ಬಿಟ್ಯಲ್ಲೋ!" ಎಂದು ಕೂಗಿ ಒಳಗೆ ಹೋದ.

ವಿಕರ್ಸ್ ಎರಡೂ ಕೈಯಲ್ಲಿ ಅವನನ್ನು ಹಿಡಿದು ಅಲ್ಲಾಡಿಸಿದ. "ಕಳ್ಳ ನನ್ಮಗನೆ! ಬೋಡೀನ್ ಗಂಟ್ಲು! ಅದ್ಯಾವಾಗ ಹೊಳೀತೋ ನಿಂಗೆ?"

"ಹೊಳೀಲಿಲ್ಲ. ಬಾಯಿಗೆ ಬಂದ್ಬಿಡ್ತು."

"ಹಾಗಂತ ಯಾರ್ ಮುಂದೂ ಹೇಳ್ಬೇಡ! ನಿನ್ನ ಇಟ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು ನೋಡು!"

"ಕೋಚ್," ಹ್ರುಸ್ಕಾ ಹೆಲ್ಮೆಟ್ ಬಿಚ್ಚಿ ಕೇಳಿದ. "ನನ್ನ ಎಸೆತ ನೋಡಿದ್ರಾ?"

"ಯಾವ ಎಸೆತ?" ಎಂದ ವಿಕರ್ಸ್. ಅವನ ಕಣ್ಣು ಆಗಲೇ ಮೈದಾನದ ಮೇಲಿತ್ತು.

ಹ್ರುಸ್ಕಾ ಗೆರೆಯ ಪಕ್ಕ ನಿಂತ. ಅಳು ಬರುತ್ತದೇನೋ ಎಂದುಕೊಂಡ, ಬರಲಿಲ್ಲ. ಹಿಂದೆ ಎಲ್ಲರೂ ಡೆಶಾನನ ಹೆಸರು ಹಿಡಿದು ಕೂಗುತ್ತಿದ್ದರು, ಬೆಂಚುಗಳ ಮೇಲೆ ಹತ್ತಿ ಕುಣಿಯುತ್ತಿದ್ದರು. ಅವನೊಬ್ಬನೇ ಆಚೆ ಮೂಲೆಯ ಕಡೆಗೆ ನೋಡಿದ.

ಅಲ್ಲಿ ಮೊದಲ ಸಾಲಿನಲ್ಲಿ, ಬೇಟೆಗಾರರ ಕೇಸರಿ ಜಾಕೆಟ್ ತೊಟ್ಟ ಒಬ್ಬ ಮುದುಕನ ತೊಡೆಯ ಮೇಲೆ ಚೆಂಡಿತ್ತು. ಅವನು ಒಂದು ಗ್ಲೌಸು ಬಿಚ್ಚಿ, ಬರಿಯ ಹೆಬ್ಬೆರಳಿನಿಂದ ಹೊಲಿಗೆಯೊಳಗಿನ ಹಿಮವನ್ನು ಮೆಲ್ಲನೆ ತೆಗೆಯುತ್ತಿದ್ದ. ಪಕ್ಕದವನಿಗೆ ತೋರಿಸಿದ. ಪಕ್ಕದವನು ತಿರುಗಿಯೂ ನೋಡಲಿಲ್ಲ. ಮುದುಕ ಚೆಂಡನ್ನು ಜಾಕೆಟ್ಟಿನೊಳಗೆ, ಎದೆಗೆ ತಾಗುವಂತೆ ಇಟ್ಟುಕೊಂಡು, ಜಿಪ್ಪನ್ನು ಗಲ್ಲದವರೆಗೂ ಎಳೆದುಕೊಂಡ.