ನಲವತ್ತೇಳನೇ ಗಿಡದ ಫೋಟೋ

"ಏ ಭಾಗವ್ವ, ಮತ್ತ ನಿನ್ನ ನೆಳ್ಳು ಬಿತ್ತಲ್ಲ ಫೋಟೋದಾಗ! ಮಂದಿ ನೆಟ್‌ನ್ಯಾಗ ಗಿಡಾ ನೋಡ್ತಾರ, ನಿನ್ನ ಹಾಳ ಮಾರಿ ನೋಡಾಕಲ್ಲ. ಸರೀ ಆ ಕಡಿ, ರಂಡಿ."

ಸೂಪರ್‌ವೈಸರ್ ವಿಠೋಬನ ಬಾಯಿ ಅಂಥದ್ದು. ಖಾನಾಪುರದ ಕಡೆಯವನು, ನಮ್ಮ ಮಾತೇ ಆಡುತ್ತಾನೆ. ಅದಕ್ಕೇ ಬೈದದ್ದು ಒಂದೂ ಬಿಡದೆ ತಿಳಿಯುತ್ತದೆ. ಸರಿದು ನಿಂತೆ. ಗಂಡ ಯಮನೂರ ಸತ್ತ ಮೇಲೆ ನನಗೆ ಸಿಟ್ಟು ಬರುವುದು ನಿಂತಿದೆ. ಹಸಿವಾದದ್ದೂ ಗೊತ್ತಾಗುವುದಿಲ್ಲ.

ಊರು ಬಿಟ್ಟು ದುಡಿಯಲು ಬಂದ ಸಾಂಕೋಲೆಯ ಈ ರಸ್ತೆಗೆ ಗಿಡ ಹಚ್ಚಿದವರು ನಾವು. ಒಂದೊಂದಕ್ಕೂ ನಂಬರಿನ ತಗಡು. ತಗಡಿಗೆ ಫೋನು ಹಿಡಿದರೆ ಗಿಡದ ಹೆಸರು, ಜಾತಿ, ಹಚ್ಚಿದ ದಿನ, ಫೋಟೋ ಎಲ್ಲ ಬರುತ್ತದೆ. ಗಿಡದ ಜಾತಿಯನ್ನೂ ಬಿಡದೆ ಬರೆದಿದ್ದಾರೆ ಪುಣ್ಯಾತ್ಮರು, ಹಚ್ಚಿದವರ ಹೆಸರು ಮಾತ್ರ ಇಲ್ಲ.

ನಲವತ್ತೇಳನೇ ಗಿಡದ ಫೋಟೋದಲ್ಲಿ ಯಮನೂರ ಇದ್ದ. ಉದ್ಘಾಟನೆಯ ಅವಸರದಲ್ಲಿ ವಿಠೋಬನೇ ತೆಗೆದದ್ದು. ಹೊಂಗೆ ಸಸಿಯ ಹಿಂದೆ ಹಾರೆ ಹಿಡಿದು, ತಲೆಗೆ ಕೆಂಪು ಟವೆಲು ಸುತ್ತಿ ನಿಂತಿದ್ದ. ಅದೇ ಮಧ್ಯಾಹ್ನ ನಲವತ್ತೆಂಟನೇ ಗುಂಡಿಯಲ್ಲಿ ಆ ಹಾರೆ ಕರೆಂಟಿನ ಕೇಬಲ್ಲಿಗೆ ತಾಗಿತು.

"ಅಂವಾ ನಮ್ಮ ಆಳಲ್ಲ. ಕುಡದು ಗುಂಡ್ಯಾಗ ಬಿದ್ದಾನ," ಎಂದ ಗುತ್ತಿಗೆದಾರ. ಹನಿ ಮುಟ್ಟದವನು ನನ್ನ ಗಂಡ! ಪರಿಹಾರ ಕೇಳಲು ಹೋದಾಗ ಲೇಬರ್ ಆಫೀಸಿನ ಸಾಹೇಬರು, ಅವನು ಅಲ್ಲಿ ದುಡಿದದ್ದಕ್ಕೆ ಪುರಾವೆ ಇದ್ದರೆ ಸೋಮವಾರ ತನ್ನಿ ಎಂದರು. ಮಗಳು ಅಶ್ವಿನಿ ನಲವತ್ತೇಳರ ತಗಡಿಗೆ ಫೋನು ಹಿಡಿದಳು.

"ಎವ್ವಾ, ಅಪ್ಪ ಇಲ್ಲೇ ಅದಾನ ನೋಡ."

"ಎಲ್ಲಿ ಹೋಕ್ಕಾನ ಬಿಡ. ದೇಶಕ್ಕೆಲ್ಲಾ ಕಾಣೂವಂಗ ಇಟ್ಟಾರ."

ಆಫೀಸಿನಲ್ಲಿ ತೆರೆದು ತೋರಿಸಿದರಾಯಿತು ಎಂದುಕೊಂಡೆವು.

ವಿಠೋಬನ ಆ ಬೈಗುಳ ಶನಿವಾರದ್ದು. ನೀರು ಹಾಕುವ ನನ್ನ ಕೈಗೆ, ಎಲ್ಲ ಗಿಡದ ಹೊಸ ಫೋಟೋ ಹಾಕು ಎಂದು ಕಂಪನಿಯ ಫೋನು ಕೊಟ್ಟಿದ್ದ. ಗಿಡದ ಮುಂದೆ ನಿಂತು ತೆಗೆದರೆ ಮಾತ್ರ ಆ ಫೋನು ಒಪ್ಪುತ್ತದೆ. "ಇದನ್ನ ಒತ್ತು, ಆಮ್ಯಾಲ ಈ ಹಸರ ಒತ್ತು. ಮುಗೀತು." ಒಂದರಿಂದ ಶುರು ಮಾಡಿದೆ. ಪ್ರತಿ ಗಿಡಕ್ಕೂ ಬೈದ. ನಲವತ್ತೇಳರ ಹತ್ತಿರ ಮಾತ್ರ ಬೈಯಲಿಲ್ಲ.

"ಚಲೋ ಬಂತ ನೋಡ," ಅಂದ.

ಸೋಮವಾರ ಸಾಹೇಬರ ಮುಂದೆ ಅಶ್ವಿನಿ ಫೋನು ತೆರೆದಳು. ಸಸಿ, ತಗಡು, ಹಸಿ ಮಣ್ಣು. ಬೇರೆ ಯಾರೂ ಇಲ್ಲ. ಹೊಸದು ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ಗುಮಾಸ್ತ ಹಿಂದಿಯಲ್ಲಿ ಹೇಳಿದ. ಯಾರು ಹಾಕಿದ್ದು ಎಂದು ಕೇಳಿದ.

"ನಾನ್ರಿ," ಅಂದೆ.

ಫೋಟೋದ ಕೆಳಗೆ ಏನೋ ಬರೆದಿತ್ತು. ಅಶ್ವಿನಿ ಓದಿ ಹೇಳಿದಳು: "ಗಿಡ ಜೀವಂತ ಐತಿ ಅಂತ." ಅಳು ಬರಲಿಲ್ಲ. ಹಸಿರು ಒತ್ತಿದ ನನ್ನ ಬಲಗೈ ಹೆಬ್ಬೆರಳನ್ನೇ ನೋಡುತ್ತ ಬಸ್ಸಿನಲ್ಲಿ ಕೂತು ಬಂದೆ.

ಮಂಗಳವಾರ ಬೆಳಿಗ್ಗೆ ಯಮನೂರನ ಹಾರೆ ತಂದೆ. ಅವನ ಕೆಂಪು ಟವೆಲು ತಲೆಗೆ ಸುತ್ತಿದೆ. ನಲವತ್ತೇಳರ ಹಿಂದೆ, ಅವನು ನಿಂತಲ್ಲೇ ನಿಂತೆ. ನನ್ನ ಹತ್ತಿರವೇ ಉಳಿದಿದ್ದ ಕಂಪನಿಯ ಫೋನಿನಲ್ಲಿ ಅಶ್ವಿನಿ ತೆಗೆದಳು. ಹಸಿರು ನಾನೇ ಒತ್ತಿದೆ.

ಅರ್ಧ ತಾಸಿನಲ್ಲಿ ಫೋನು ಬಡಿದುಕೊಂಡಿತು, ವಿಠೋಬ. "ಏನ ಹಾಕೀದಿ ಬೋಸುಡಿ? ಯಾರಿಕಿ, ಯಾಕ ನಿಂತಾಳಂತ ಮಂದಿ ಕೇಳಾಕತ್ತಾರ. ಅಳಸ ಅದನ್ನ!"

"ಅಳಸೂದು ನನಗ ಬರೂದಿಲ್ರಿ. ನೀವು ಹಾಕೂದಷ್ಟ ಕಲಿಸೀರಿ."

ಗಾಡಿ ಹಾರಿಸಿಕೊಂಡು ಬಂದ. ನನ್ನದನ್ನು ಅಳಿಸುವ ಹೊಸ ಫೋಟೋಕ್ಕೆ ತನ್ನ ಫೋನು ಎತ್ತಿ ಹಿಡಿದ. ಎಡಕ್ಕೆ ಹೋದ, ಬಲಕ್ಕೆ ಬಂದ, ಮೊಣಕಾಲೂರಿ ಕೂತ. ನಾನು ಸಸಿಯನ್ನು ತಬ್ಬಿ ಕೂತಿದ್ದೆ. ಯಾವ ಕಡೆಯಿಂದ ಹಿಡಿದರೂ ಫೋಟೋದಲ್ಲಿ ನಾನು ಬರುತ್ತಿದ್ದೆ.

"ಸರೀ ಆ ಕಡಿ," ಅಂದ.

ನಾನು ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ.